ಮೆರುಗಿನ ಕೆಳಗೊಂದು ಹೆಬ್ಬೆಟ್ಟು

ಮರದ ಸಾಮಾನು ಮುಟ್ಟುವ ಮೊದಲು ಕೈ ತೊಳೆಯುವ ಚಟ ನನಗಿದೆ. ಊಟಕ್ಕೆ ಮೊದಲು ತೊಳೆಯುತ್ತೇನೋ ಇಲ್ಲವೋ, ಅದನ್ನು ಕೇಳಬೇಡಿ. ಹೋದ ತಿಂಗಳು ಮೊಮ್ಮಗಳ ಜೊತೆ ಸಾಗರದ ಪೇಟೆಗೆ ಹೋಗಿದ್ದೆ. ಅವಳಿಗೊಂದು ಟೀಪಾಯಿ ಬೇಕಿತ್ತು. ಅಂಗಡಿಯವನು "ಅಜ್ಜಿ, ಕೈಯಾಡ್ಸಿ ನೋಡಿ, ಬೆಣ್ಣೆ ಇದ್ದಂಗಿದೆ" ಎಂದ. ನಾನು ಮೊದಲು ನೀರು ಕೊಡು ಎಂದೆ. ಅವನು ಪಾಪ, ಕುಡಿಯುವುದಕ್ಕೆಂದು ಲೋಟದಲ್ಲಿ ತಂದುಕೊಟ್ಟ. ನಾನು ಬಾಗಿಲಾಚೆ ಹೋಗಿ ಅದನ್ನು ಕೈಗೆ ಸುರಿದುಕೊಂಡೆ. ಸೆರಗಿನಲ್ಲಿ ಒರೆಸಿ, ಬಲಗೈ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿ, ಆಮೇಲೆ ಒಳಗೆ ಬಂದೆ. ಅಷ್ಟು ಹೊತ್ತಿಗೆ ಮೊಮ್ಮಗಳು ಗೋಡೆ ಕಡೆ ತಿರುಗಿ ನಿಂತು ತನಗೂ ಈ ಮುದುಕಿಗೂ ಸಂಬಂಧವಿಲ್ಲ ಎನ್ನುವ ಹಾಗೆ ಕನ್ನಡಿ ನೋಡುತ್ತಿದ್ದಳು.

"ಅಜ್ಜಿ, ಅದು ಟೀಪಾಯಿ, ದೇವ್ರಲ್ಲ" ಎಂದಳು ದಾರಿಯಲ್ಲಿ.

ದೇವರಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಹೆಬ್ಬೆಟ್ಟಿಗೆ ಹೆದರುತ್ತೇನೆ. ಅದನ್ನು ಅವಳಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಲು ಆಗಲಿಲ್ಲ. ಬರೆದಿಡುತ್ತೇನೆ, ಬೇಕಾದರೆ ಓದಿಕೊಳ್ಳಲಿ. ನಾನು ಅಕ್ಷರ ಕಲಿತದ್ದು ಮಕ್ಕಳ ಮದುವೆ ಮುಗಿದ ಮೇಲೆ. ಹಾಗಾಗಿ ಚೆಂದ ಮಾಡಿ ಬರೆಯಲು ಬರುವುದಿಲ್ಲ. ಹೇಳುವುದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ಬರುತ್ತದೆ, ಅದಕ್ಕೆ ಅಕ್ಷರ ಬೇಡ.

ಅರವತ್ತರ ದಶಕದ ಮಾತು. ಶರಾವತಿಗೆ ಅಣೆಕಟ್ಟು ಕಟ್ಟಿ, ನೀರು ಬಂದು ನಿಲ್ಲುವ ಮೊದಲು ಕಾಡು ಕಡಿದು ಸಾಗಿಸುತ್ತಿದ್ದ ಕಾಲ. ಹೊನ್ನೆಮರಡಿನ ಆಸುಪಾಸಿನಿಂದಲೂ ಹೊಸನಗರದ ಕಡೆಯಿಂದಲೂ ಲಾರಿ ಲಾರಿ ದಿಮ್ಮಿ. ನಾವು ಹೊಸನಗರಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ ಗೇಣಿಗೆ ಗದ್ದೆ ಮಾಡಿಕೊಂಡಿದ್ದವರು. ಇದ್ದ ಗದ್ದೆಗೆ ಮೈದುನ ಒಬ್ಬನೇ ಸಾಕು ಎಂದು ನಮ್ಮವರು ಮರ ಕೊಯ್ಯುವ ಮಿಲ್ಲಿಗೆ ಸೇರಿದರು. ನಮ್ಮವರು ಎಂದರೆ ನನ್ನ ಗಂಡ. ಹೆಸರು ಹೇಳುವ ರೂಢಿ ನನಗಿಲ್ಲ. ಮುಂದೆ ಮರಗೆಲಸದ ಆಚಾರ್ರೊಬ್ಬರು ಹೇಳುತ್ತಾರೆ, ಆಗ ಕೇಳಿಸಿಕೊಳ್ಳಿ.

ಒಂದು ಹೊನ್ನೆ ದಿಮ್ಮಿಯನ್ನು ಗರಗಸಕ್ಕೆ ಕೊಡುವಾಗ ಅವರ ಬಲಗೈ ಹೆಬ್ಬೆಟ್ಟು ಹೋಯಿತು. ಬುಡದಿಂದಲೇ. ಹೊನ್ನೆ ಮರದ ರಸವೂ ರಕ್ತದ ಹಾಗೆ ಕೆಂಪು. ಪಕ್ಕದಲ್ಲಿದ್ದವರಿಗೆ ಯಾವುದು ಮರದ್ದು, ಯಾವುದು ಮನುಷ್ಯನದ್ದು ಎಂದು ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತಂತೆ. ಗಾಯ ಒಣಗಿದ ಮೇಲೆ ಹೋಗಿ ಕೇಳಿದರೆ, ಹೆಬ್ಬೆಟ್ಟಿಲ್ಲದವನಿಗೆ ಎಂತ ಕೆಲಸ ಕೊಡುವುದು ಎಂದರು. ಆ ದಿಮ್ಮಿಯಿಂದ ಕೊಯ್ದ ಒಂದು ಹಲಗೆಯನ್ನು ಮಾತ್ರ ಕೊಟ್ಟು ಕಳಿಸಿದರು. ಮನುಷ್ಯನ ರಕ್ತ ಬಿದ್ದ ಹಲಗೆಯನ್ನು ಬಾಗಿಲಿಗೂ ಮಂಚಕ್ಕೂ ಯಾರೂ ಕೊಳ್ಳುವುದಿಲ್ಲ. ನಮ್ಮತ್ತೆ ಅದನ್ನು ನೋಡಿದವರೇ ಒಲೆಗೆ ಹಾಕು ಎಂದರು. ನಮ್ಮವರು ಅಟ್ಟಕ್ಕೆ ಹಾಕಿದರು.

ಹೆಬ್ಬೆಟ್ಟಿಲ್ಲದೆ ಏನು ಮಾಡಬಹುದು ಎಂದು ನೀವೇ ಒಂದು ದಿನ ಅದನ್ನು ಮಡಚಿ ಬಟ್ಟೆ ಕಟ್ಟಿಕೊಂಡು ನೋಡಿ. ಕತ್ತಿ ಹಿಡಿಯಲಾಗದು. ಹಗ್ಗ ಬಿಗಿಯಲಾಗದು. ಹಾಲು ಕರೆಯಲಾಗದು. ವೀಳ್ಯದೆಲೆಯ ತೊಟ್ಟು ಮುರಿಯಲೂ ಆಗದು. ಅವರಿಗೆ ಎಲೆ ಕಟ್ಟಿಕೊಡುವ ಕೆಲಸ ನನ್ನದಾಯಿತು. ದಿನಕ್ಕೆ ಎಂಟೋ ಹತ್ತೋ ಸಲ. ಅತ್ತೆಗೂ ನಾನೇ. ನನಗಂತೂ ನಾನೇ. ಹೀಗೆ ನನ್ನ ಬಲಗೈ ಹೆಬ್ಬೆಟ್ಟಿನಲ್ಲಿ ಯಾವಾಗಲೂ ಸುಣ್ಣ. ಆ ಹೆಬ್ಬೆಟ್ಟಿಗೆ ಒಂದು ಗುರುತೂ ಇತ್ತು, ಈಗಲೂ ಇದೆ. ಮದುವೆಗೆ ಮುಂಚೆ ಹುಲ್ಲು ಕೊಯ್ಯುವಾಗ ಕತ್ತಿ ತಾಗಿ ಅಡ್ಡಕ್ಕೆ ಒಂದು ಓರೆ ಗೆರೆ. ಹುಲ್ಲು ನೋಡದೆ ಬಸ್ಸು ನೋಡುತ್ತಾ ಕೊಯ್ದರೆ ಹಾಗಾಗುತ್ತದೆ.

ಒಂದು ವರ್ಷ ಅವರು ಸುಮ್ಮನೆ ಕೂತರು. ಕೂತವರು ಕೂತಲ್ಲೇ ಸೌದೆ ಚೂರು ಕೆತ್ತಲು ಶುರುಮಾಡಿದರು. ಉಳಿಯ ಹಿಡಿಯನ್ನು ಅಂಗೈಗೆ ಒತ್ತಿ, ಹಳೇ ಟವೆಲಿನ ಪಟ್ಟಿಯಿಂದ ಸುತ್ತಿ, ತುದಿಯನ್ನು ಹಲ್ಲಲ್ಲಿ ಎಳೆದು ಬಿಗಿಯುತ್ತಿದ್ದರು. ಎಡಗೈಯಲ್ಲಿ ಕೊಡತಿ, ಮರದ ಸುತ್ತಿಗೆ. ಮೊದಮೊದಲು ಮಾಡಿದ ಸೌಟಿನಲ್ಲಿ ಸಾರು ಬಡಿಸಿದರೆ ಅರ್ಧ ಎಲೆಗೆ, ಅರ್ಧ ಕಾಲಿಗೆ. ಆಮೇಲೆ ಆಮೇಲೆ ಸೌಟು ಸೌಟಿನ ಹಾಗಾಯಿತು. ಆಗ ಯಾರೋ ಮೇಳಿಗೆಯ ಆಚಾರ್ರ ಸುದ್ದಿ ಹೇಳಿದರು. ತೀರ್ಥಹಳ್ಳಿ ಕಡೆಗೆಲ್ಲ ಪೆಟ್ಟಿಗೆಗೂ ತೊಟ್ಟಿಲಿಗೂ ಅವರೇ ಬೇಕು. ಅವರ ಜಗಲಿಯಲ್ಲಿ ನಾಲ್ಕು ಜನ ಕೆಲಸಕ್ಕಿದ್ದಾರೆ, ಐದನೆಯವನೊಬ್ಬ ಬೇಕಂತೆ. ನಮ್ಮವರು ಹೋದರು. ಆಚಾರ್ರು ಕೈ ತೋರಿಸು ಎಂದು, ಹಿಂದೆ ಮುಂದೆ ತಿರುಗಿಸಿ ನೋಡಿದರಂತೆ.

"ಹೆಬ್ಬೆಟ್ಟಿಲ್ದೆ ಉಳಿ ಹೆಂಗೆ ಹಿಡಿತಿ ಮಾರಾಯ?"

"ಹಿಡಿತೀನಿ ಆಚಾರ್ರೆ."

"ಬಾಯಲ್ಲಿ ಹಿಡಿಬೇಡ. ಸಂಕ್ರಾಂತಿ ಒಳಗೆ ಒಂದು ಎಲೆಪೆಟ್ಗೆ ಮಾಡ್ಕಂಡು ಬಾ. ಗಟ್ಟಿ ಮರದ್ದೇ ಆಗ್ಬೇಕು. ಮೊಳೆ ಹೊಡಿಬೇಡ. ಬಣ್ಣ ಬಳಿಬೇಡ, ತಿಳಿ ಮೆರುಗು ಹಚ್ಚು, ಮೂಲೆ ಕಚ್ಚು ಹೆಂಗೆ ಕೂತದೆ ನಂಗೆ ಕಾಣ್ಬೇಕು. ಮತ್ತೆ, ಇನ್ನೊಬ್ರ ಕೈ ಹಾಕ್ಸಬೇಡ. ಹಾಕ್ಸಿದ್ರೆ ನಂಗೆ ಗೊತ್ತಾಗ್ತದೆ."

ಈ ಕೊನೆಯ ಮಾತನ್ನು ನಮ್ಮವರು ಮನೆಗೆ ಬಂದು ಎರಡು ಸಲ ಹೇಳಿದರು.

ಅವರು ಅಟ್ಟದಿಂದ ಆ ಹೊನ್ನೆ ಹಲಗೆಯನ್ನೇ ಇಳಿಸಿದರು. ಅತ್ತೆ ಜಗಲಿಯಿಂದಲೇ, "ಊರ ತುಂಬ ಮರ ಬಿದ್ದಾವೆ, ನಿಂಗೆ ಇದೇ ಆಗ್ಬೇಕನಾ?" ಎಂದರು.

"ಇದಕ್ಕೆ ಕೊಡೋದು ಕೊಟ್ಟಾಗಿದೆ" ಎಂದರು ನಮ್ಮವರು.

ಪೆಟ್ಟಿಗೆ ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಗೇಣುದ್ದ. ಒಳಗೆ ಎಲೆಗೆ, ಅಡಿಕೆಗೆ, ಹೊಗೆಸೊಪ್ಪಿಗೆ ಬೇರೆ ಬೇರೆ ಮನೆ. ಸುಣ್ಣದ ಡಬ್ಬಿ ಕೂರಲು ಒಂದು ಗುಂಡು ಗುಳಿ. ಮುಚ್ಚಳ ಎತ್ತುವುದಲ್ಲ, ಗಾಡಿಯಲ್ಲಿ, ಎಂದರೆ ಅಂಚಿಗೆ ಕೊರೆದ ಸೀಳಿನಲ್ಲಿ ಜಾರುವುದು. ನಾಲ್ಕು ಮೂಲೆಯ ಕಚ್ಚುಗಳು ಎರಡು ಕೈಯ ಬೆರಳು ಹೆಣೆದ ಹಾಗೆ ಕೂತಿದ್ದವು. ಬೆರಳು ಕಳೆದುಕೊಂಡವರು ಮಾಡಿದ್ದು ಅದು. ನಾನು ಹೊಗಳಲಿಲ್ಲ, ಹೊಗಳುವ ಅಭ್ಯಾಸ ನಮ್ಮಲ್ಲಿಲ್ಲ. ಗರಗತ್ತಿ ಎಲೆ ತಂದುಕೊಟ್ಟೆ. ಆ ಎಲೆ ಒಣಗಿದರೆ ಉಪ್ಪುಕಾಗದದ ಹಾಗೆ ಒರಟು. ಅವರು ಮೂರು ದಿನ ಅದರಲ್ಲಿ ತಿಕ್ಕಿ, ಮರವನ್ನು ಮಗುವಿನ ಕೆನ್ನೆ ಮಾಡಿಟ್ಟರು.

ಇನ್ನು ಮೆರುಗು. ತಿಳಿ ಮೆರುಗು ಎಂದು ಆಚಾರ್ರು ಹೇಳಿಬಿಟ್ಟರು, ಯಾವುದು ಎಂದು ಹೇಳಲಿಲ್ಲ. ಅಲ್ಲಿಂದ ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಅದೇ ಮಾತು. ಪಕ್ಕದ ಮನೆಯವಳು ಹೊಂಗೆಣ್ಣೆ ಎಂದಳು. ಅವರ ಮನೆ ಒನಕೆಗೆ ಹಚ್ಚಿದ್ದು ನನಗೆ ಗೊತ್ತಿತ್ತು, ವರ್ಷವಾದರೂ ಮುಟ್ಟಿದರೆ ಕೈಗೆ ಅಂಟು, ಮೂಗಿಗೆ ನಾತ. ಮೈದುನ ಗೇರುಸಿಪ್ಪೆ ಎಣ್ಣೆ ಎಂದ. ಅದು ದೋಣಿಗೆ ಸರಿ. ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಮರ ಕಪ್ಪಾಗುತ್ತದೆ, ಆಚಾರ್ರಿಗೆ ಕಚ್ಚು ಕಾಣಿಸಲು ದೀಪ ಹಿಡಿಯಬೇಕು. ಅತ್ತೆ ಉಪ್ಪಾಗೆ ಬೀಜದಿಂದ ತೆಗೆದ ತುಪ್ಪ ಎಂದರು. ಅತ್ತೆಗೆ ಕಾಲು ಒಡೆದರೂ ಉಪ್ಪಾಗೆ ತುಪ್ಪ, ಹೊಟ್ಟೆ ನೋವಿಗೂ ಉಪ್ಪಾಗೆ ತುಪ್ಪ. ಒಂದು ಚೂರಿಗೆ ಹಚ್ಚಿ ನೋಡಿದೆ. ಚಳಿಗೆ ಬೆಳಿಗ್ಗೆ ಬಿಳಿ ಹೆಪ್ಪುಗಟ್ಟಿ ಕೂತಿತ್ತು, ಮಧ್ಯಾಹ್ನ ಇರುವೆ ಬಂದವು. ಜೇನುಮೇಣ ಚೆಂದ ಬಂತು. ಆದರೆ ಬಿಸಿ ಕೈ ಇಟ್ಟರೆ ಐದು ಬೆರಳೂ ಮೂಡುತ್ತಿದ್ದವು. ಬೆರಳು ಮೂಡುವುದು ಬೇಡ ಎಂದು ನಾನೇ ಅದನ್ನು ತಳ್ಳಿಹಾಕಿದೆ. ಈಗ ನೆನೆದರೆ ನಗು ಬರುತ್ತದೆ.

ಉಳಿದದ್ದು ಪೇಟೆಯ ಅರಗಿನ ಪಾಲೀಶು. ನಮ್ಮವರು ಅದಕ್ಕೆ ಸಾಗರದ ತನಕ ಹೋದರು. ಅರಗು ಸಿಕ್ಕಿತು. ಅದನ್ನು ಕರಗಿಸಲು ಸ್ಪಿರಿಟ್ ಕೇಳಿದರೆ ಅಂಗಡಿಯವನು ಇವರ ಕೈ ನೋಡಿ, ಮುಖ ನೋಡಿ, "ಕುಡಿಯಾಕಾ?" ಎಂದನಂತೆ. ನಮ್ಮವರಿಗೆ ಸಿಟ್ಟು ಬಂದು ಅರಗನ್ನೂ ಅಲ್ಲೇ ಇಟ್ಟು, ಸೀಸೆಯಲ್ಲಿ ಅಗಸೆ ಎಣ್ಣೆ ಮಾತ್ರ ಹಿಡಿದುಕೊಂಡು ಬಂದರು. ಸಂಕ್ರಾಂತಿಗೆ ಹದಿನೆಂಟು ದಿನ ಇತ್ತು. ನಾನು ದಿನ ಎಣಿಸುತ್ತಿದ್ದೆ. ಅಕ್ಷರ ಬರದಿದ್ದರೂ ದಿನ ಎಣಿಸಲು ಬರುತ್ತಿತ್ತು.

ಆಗ ನನಗೆ ನನ್ನ ಅಜ್ಜನ ಕೋವಿ ನೆನಪಾಯಿತು. ನನ್ನ ತವರು ವರದಮೂಲದ ಹತ್ತಿರ. ಅಲ್ಲಿ ಹೊಳೆ ಹುಟ್ಟುತ್ತದೆ ಎಂದು ಜನ ದೂರದಿಂದ ಬಂದು ಮುಳುಗು ಹಾಕಿ ಹೋಗುತ್ತಾರೆ. ಮಕ್ಕಳಾದ ನಮಗೆ ಹೊಳೆಗಿಂತ ಗುಡ್ಡದ ಧೂಪದ ಮರ ಮುಖ್ಯವಾಗಿತ್ತು. ಅಜ್ಜ ಅದಕ್ಕೆ ಕಚ್ಚು ಹಾಕಿ ಬರುತ್ತಿದ್ದ. ಕೆಲವು ದಿನ ಬಿಟ್ಟು ಹೋದರೆ ಗಾಜಿನ ಹಾಗೆ ಗೋಂದು ಇಳಿದಿರುತ್ತಿತ್ತು. ಕಲ್ಲುಸಕ್ಕರೆ ಎಂದು ನಾನೊಮ್ಮೆ ಬಾಯಿಗೆ ಹಾಕಿಕೊಂಡೆ. ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಾದವು. ಅರ್ಧ ದಿನ ನನಗೆ ಮಾತಿಲ್ಲ. ಮನೆಯವರಿಗೆಲ್ಲ ಆ ದಿನ ಬಹಳ ಹಿಡಿಸಿತಂತೆ, ಅಮ್ಮ ಸಾಯುವ ತನಕ ಹೇಳುತ್ತಿದ್ದಳು. ಆ ಗೋಂದನ್ನು ಅಜ್ಜ ಕಾಯಿಸಿದ ಎಣ್ಣೆಯಲ್ಲಿ ಕರಗಿಸಿ ಕೋವಿಯ ಹಿಡಿಗೆ ಹಚ್ಚುತ್ತಿದ್ದ. ಮಳೆಯಲ್ಲಿ ನೆನೆದರೂ ಮರದ ನರ ನರ ಕಾಣುತ್ತಾ ಹೊಳೆಯುತ್ತಿತ್ತು. ಅಜ್ಜ ಮಾಡುವುದನ್ನು ನಾನು ನೋಡಿದ್ದೆ. ನೋಡಿದ್ದಕ್ಕೂ ಮಾಡುವುದಕ್ಕೂ ಎಷ್ಟು ದೂರ ಎಂದು ನನ್ನ ಹುಬ್ಬಿಗೆ ಗೊತ್ತು.

ತವರಿಗೆ ಹೇಳಿ ಕಳಿಸಿ ಗೋಂದು ತರಿಸಿ ಕುಟ್ಟಿದೆ. ಮೊದಲ ಸಲ ಅಗಸೆ ಎಣ್ಣೆ ಹೆಚ್ಚು ಕಾಯಿತು. ಗೋಂದಿನ ಪುಡಿ ಹಾಕಿದ್ದೇ ತಡ, ನೊರೆ ಉಕ್ಕಿ ಒಲೆಗೆ ಬಿದ್ದು ಭಗ್ಗೆಂದಿತು. ಮಡಕೆ ಹೊರಗೆ ಎಳೆದೆ. ಎಡಗಡೆ ಹುಬ್ಬು ಹೋಯಿತು. "ಗಂಡಂಗೆ ಬೆರಳಿಲ್ಲ, ಹೆಂಡ್ತಿಗೆ ಹುಬ್ಬಿಲ್ಲ, ಪೆಟ್ಗೆ ಮಾತ್ರ ಚಂದ ಆಗ್ತದೆ ಬಿಡು" ಎಂದರು ಅತ್ತೆ. ಎರಡನೇ ಸಲ ಅಂಗಳದಲ್ಲಿ ಸಣ್ಣ ಕೆಂಡದ ಮೇಲೆ ಇಟ್ಟು, ಚಿಟಿಕೆ ಚಿಟಿಕೆ ಹಾಕಿ ತಿರುಗಿಸಿದೆ. ಜೇನಿನ ಬಣ್ಣಕ್ಕೆ ಬಂತು. ಬಟ್ಟೆಯಲ್ಲಿ ಸೋಸಿದರೆ ಅದರಾಚೆ ನನ್ನ ಬೆರಳು ಕಾಣುತ್ತಿತ್ತು, ಅಷ್ಟು ತಿಳಿ. ಒಂದು ಚೂರಿಗೆ ಹಚ್ಚಿ ನೋಡಿದೆವು. ಎರಡು ದಿನಕ್ಕೆ ಒಣಗಿತು. ಹೊನ್ನೆ ಹೊನ್ನಿನ ಹಾಗೇ ಆಯಿತು.

ಈಗ ಹಚ್ಚಬೇಕಾದವರು ನಮ್ಮವರು. ಬಟ್ಟೆಯ ಉಂಡೆಯನ್ನು ಎಣ್ಣೆಯಲ್ಲಿ ಅದ್ದಿ, ಹಿಂಡಿ, ಒಂದೇ ಎಳೆತಕ್ಕೆ ತೆಳ್ಳಗೆ ಎಳೆಯಬೇಕು. ಉಳಿಯನ್ನು ಅಂಗೈಗೆ ಕಟ್ಟಬಹುದು, ಬಟ್ಟೆ ಉಂಡೆಯನ್ನು ಹಿಂಡಲು ಹೆಬ್ಬೆಟ್ಟೇ ಬೇಕು. ಅವರು ಚೂರಿನ ಮೇಲೆ ಎಳೆದರೆ ಒಂದು ಕಡೆ ಹೊಳೆ, ಒಂದು ಕಡೆ ಬರ. ಎಡಗೈಯಲ್ಲಿ ಇನ್ನೂ ಕಷ್ಟ. ನಾಲ್ಕು ಚೂರು ಹಾಳಾದ ಮೇಲೆ ಬಟ್ಟೆಯನ್ನು ನನ್ನ ಮುಂದೆ ಇಟ್ಟು ಎದ್ದು ಹೋದರು. ಹಚ್ಚು ಎಂದು ಹೇಳಲಿಲ್ಲ. ಹಚ್ಚಬೇಡ ಎಂದೂ ಹೇಳಲಿಲ್ಲ. ಇನ್ನೊಬ್ಬರ ಕೈ ಹಾಕಿಸಿದರೆ ಗೊತ್ತಾಗುತ್ತದೆ ಎಂದ ಆಚಾರ್ರ ಮಾತು ನಮ್ಮಿಬ್ಬರ ಕಿವಿಯಲ್ಲೂ ಇತ್ತು.

ಹಚ್ಚುವ ಹಿಂದಿನ ಸಂಜೆ ಅತ್ತೆ ಪೆಟ್ಟಿಗೆ ನೋಡಬೇಕೆಂದರು. ಬೈದವರೇ ಕೇಳಿದರು ಎಂದು ನನಗೆ ಒಳಗೊಳಗೇ ಖುಷಿ. ಎಲೆ ಕಟ್ಟುತ್ತಾ ಕೂತವಳು ಎದ್ದು ತಂದು ತೋರಿಸಿದೆ. "ಮುಚ್ಚಳ ಬಿಗಿ ಆತು" ಎಂದರು. "ಬಿಗಿ ಎಂತದೂ ಇಲ್ಲ, ನೋಡಿ" ಎಂದು ಹೆಬ್ಬೆಟ್ಟು ಒತ್ತಿ ಜಾರಿಸಿ ಮುಚ್ಚಿ ತೋರಿಸಿದೆ. ಮುಚ್ಚಿ, ಸೆರಗಿನಲ್ಲಿ ಒರೆಸಿ, ಒಳಗಿಟ್ಟೆ. ಒಣಗಿದ ಮರದ ಮೇಲೆ ಏನೂ ಕಾಣಲಿಲ್ಲ. ಇಷ್ಟೇ ನಾನು ಮಾಡಿದ್ದು.

ಬೆಳಿಗ್ಗೆ ಕೈಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿ ಕೂತೆ. ಸುಗ್ಗಿ ಕಾಲ, ಕಣದಲ್ಲಿ ಭತ್ತ ಬಡಿಯುತ್ತಿದ್ದರು, ಗಾಳಿ ತುಂಬ ಹೊಟ್ಟಿನ ದೂಳು. ಹಾಗಾಗಿ ನಡುಮನೆಯ ಬಾಗಿಲು ಹಾಕಿಕೊಂಡೆ. ಮೊದಲು ತಳ, ಆಮೇಲೆ ಪಕ್ಕ. ಮರ ಎಣ್ಣೆ ಕುಡಿದಂತೆಲ್ಲ ಬಂಗಾರ ಏಳುತ್ತಿತ್ತು. ಕೊನೆಗೆ ಮುಚ್ಚಳ. ಬಟ್ಟೆ ಒಂದು ಸಲ ಎಳೆದೆ. ತುದಿಯಲ್ಲಿ, ಸರಿಯಾಗಿ ಬೆರಳಿಡುವ ಜಾಗದಲ್ಲಿ, ಒಂದು ಕೆಂಪು ಮಚ್ಚೆ ಎದ್ದು ಬಂತು. ಒರೆಸಿದೆ. ಒರೆಸಿದಷ್ಟೂ ಸ್ಪಷ್ಟವಾಯಿತು.

ನಾನು ಕೂಗಿದೆನೋ ಏನೋ, ನಮ್ಮವರು ಕಣದಿಂದ ಬಂದರು. ನೋಡಿದರು.

"ನನ್ನ ರಕ್ತ" ಎಂದರು.

ಬಾಗಿಲಲ್ಲಿ ನಿಂತ ಅತ್ತೆ, "ಒಲೆಗೆ ಹಾಕು ಅಂದಿದ್ದೆ ಅಲ್ವಾ" ಎಂದು ಅಲ್ಲೇ ಕೂತುಬಿಟ್ಟರು.

ಅವರು ಮುಚ್ಚಳದ ಮೇಲೆ ಆ ನಾಲ್ಕು ಬೆರಳಿನ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. "ಇರ್ಲಿ ಬಿಡು. ಬೇರೆಯೋರ್ದೇನಲ್ಲ" ಎಂದು ಕಣಕ್ಕೆ ವಾಪಸು ಹೋದರು.

ಮಧ್ಯಾಹ್ನ ಎಲೆಗೆ ಸುಣ್ಣ ಸವರುವಾಗ ನನ್ನ ಕೈ ಅರ್ಧಕ್ಕೆ ನಿಂತಿತು. ಒಂದು ಹೊನ್ನೆ ಚೂರು ತೆಗೆದುಕೊಂಡೆ. ಸುಣ್ಣದ ಹೆಬ್ಬೆಟ್ಟು ಒತ್ತಿದೆ, ಒರೆಸಿದೆ, ಒಣಗಿಸಿದೆ, ಎಣ್ಣೆ ಸವರಿದೆ. ಅದೇ ಕೆಂಪು ಎದ್ದು ಬಂತು. ನಡುವೆ ಓರೆಗೆ ಒಂದು ಬಿಳಿ ಗೆರೆ, ಕತ್ತಿ ಗಾಯದ ಗೆರೆ. ಮುಚ್ಚಳದ ಮಚ್ಚೆಯನ್ನು ಬಾಗಿ ನೋಡಿದೆ. ಅಲ್ಲೂ ಗೆರೆ ಇತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದು ಕಾರಣ ಕಟ್ಟುತ್ತಾ ಹೋಗಬಹುದು. ದಿನ ಕಡಿಮೆ ಇತ್ತು, ಅವರು ಒಪ್ಪಿಕೊಂಡೂ ಆಗಿತ್ತು, ಅತ್ತೆ ಇದ್ದರು. ಬೈಸಿಕೊಳ್ಳಲು ಹೆದರಿದೆ, ಅಷ್ಟೆ. ಅವರು ಕಣದಲ್ಲಿದ್ದಾಗ ಗರಗತ್ತಿ ಎಲೆ ತಿಕ್ಕಿ ನೋಡಿದೆ. ಮೆರುಗು ಹೋಯಿತು, ಕೆಂಪು ಹೋಗಲಿಲ್ಲ. ಇನ್ನೂ ತಿಕ್ಕಿದರೆ ಅಲ್ಲಿ ಗುಂಡಿ ಬೀಳುತ್ತದೆ. ಹುಳಿ ಹಿಂಡಿ ನೋಡಿದೆ. ಮಚ್ಚೆಯ ಸುತ್ತ ಮರ ಪೇಲವವಾಗಿ, ಹೆಬ್ಬೆಟ್ಟು ಇನ್ನೂ ಚೆನ್ನಾಗಿ ಕಂಡಿತು. ಅದರ ಮೇಲೆ ಮತ್ತೆ ಎಣ್ಣೆ ಹಚ್ಚಿದೆ. ಮೂರು ಸಲ. ಒಂದೊಂದು ಸಲಕ್ಕೂ ಎರಡು ದಿನ ಒಣಗಬೇಕು. ದೂಳು ಕೂರದಿರಲಿ ಎಂದು ಹಂಡೆ ಕವುಚಿದೆ, ಗಾಳಿಯಿಲ್ಲದೆ ಒಣಗಲಿಲ್ಲ. ಹಂಡೆ ತೆಗೆದೆ, ಹೊಟ್ಟು ಬಂದು ಕೂತಿತು. ಸೂಜಿ ಮೊನೆಯಲ್ಲಿ ಒಂದೊಂದೇ ಹೊಟ್ಟು ತೆಗೆದೆ. ದಿನಕ್ಕೆ ಏಳು ಎಂಟು ಸಲ ಎದ್ದು ಹೋಗಿ ಮೂಗು ಹತ್ತಿರ ತಂದು, ಒಣಗಿತೇ ಎಂದು ಮೂಸುತ್ತಿದ್ದೆ. ಮುಟ್ಟಲು ಧೈರ್ಯವಿರಲಿಲ್ಲ. ಅನ್ನ ಸೀದುಹೋಯಿತು ಎಂದು ಅತ್ತೆ ಕೂಗಿದರೆ, ನನಗೆ ಪೆಟ್ಟಿಗೆಯೇ ಸೀದುಹೋಯಿತೇನೋ ಎನ್ನಿಸುತ್ತಿತ್ತು.

ಸಂಕ್ರಾಂತಿಗೆ ಎರಡು ದಿನ ಇರುವಾಗ ಹೊರಟೆವು. ನೀನು ಯಾಕೆ ಎಂದರು. ಬಸ್ಸಿನಲ್ಲಿ ಪೆಟ್ಟಿಗೆ ಹಿಡಿದುಕೊಳ್ಳಲು ಎಂದೆ. ನಿಜವಾಗಿ ಮನೆಯಲ್ಲಿ ಕೂತರೆ ಸಾಯುತ್ತೇನೆ ಎಂದು ಹೊರಟದ್ದು. ಹೊಸನಗರದಿಂದ ತೀರ್ಥಹಳ್ಳಿಯ ತನಕ ಅದನ್ನು ಬಾಳೆಎಲೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಬಟ್ಟೆ ಸುತ್ತಿದರೆ ನೇಯ್ಗೆ ಮೂಡೀತು ಎಂದು ಹೆದರಿಕೆ. ತೊಡೆಯ ಬಿಸಿಗೆ ಅಂಟೀತು ಎಂದು ಇನ್ನೊಂದು. ತಿರುವಿನಲ್ಲಿ ಪಕ್ಕದವಳು ನನ್ನ ಮೇಲೆ ವಾಲಿದಾಗ ಅವಳನ್ನು ಮೊಣಕೈಯಲ್ಲಿ ದೂಡಿದೆ. "ಮೊಟ್ಟೆ ಇದಾವೇನೆ ಅದ್ರಲ್ಲಿ?" ಎಂದಳು. ಹೌದು ಎಂದೆ.

ಮೇಳಿಗೆಯ ಆಚಾರ್ರು ನಾನು ನೆನೆಸಿದ್ದಕ್ಕಿಂತ ಸಣ್ಣ ಮನುಷ್ಯ. ಜಗಲಿಯಲ್ಲಿ ಕಾಲು ಚಾಚಿ ಕೂತು ಒಂದು ಮಣೆ ಹೆರೆಯುತ್ತಿದ್ದರು. ನಾನು ಅಂಗಳದ ಮೆಟ್ಟಿಲ ಮೇಲೆ ಕೂತೆ. ಅವರು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಮೊದಲು ತಳ ನೋಡಿದರು. ಮೂಸಿದರು. "ಧೂಪದೆಣ್ಣೆ. ಯಾರು ಹೇಳ್ಕೊಟ್ರು?" ಎಂದು, ಉತ್ತರಕ್ಕೆ ಕಾಯದೆ ಮೂಲೆಯ ಕಚ್ಚುಗಳ ಮೇಲೆ ಉಗುರು ಎಳೆದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನನಗೆ ಸ್ವಲ್ಪ ಉಸಿರು ಬಂತು. ಆಮೇಲೆ ಮುಚ್ಚಳ ಜಾರಿಸಲು ಹೆಬ್ಬೆಟ್ಟು ಇಟ್ಟರು. ಅದು ಸರಿಯಾಗಿ ಆ ಮಚ್ಚೆಯ ಮೇಲೆ ಕೂತಿತು. ತೆಗೆದು ನೋಡಿದರು. ಮತ್ತೆ ಇಟ್ಟರು. ಮತ್ತೆ ತೆಗೆದರು.

"ಇದೆಂತದು?"

"ರಕ್ತ ಆಚಾರ್ರೆ" ಎಂದರು ನಮ್ಮವರು. ಮಿಲ್ಲಿನ ಕತೆ ಹೇಳಿದರು. ಕೆಲಸದವರು ನಾಲ್ವರೂ ಉಳಿ ನಿಲ್ಲಿಸಿ ಕೇಳಿದರು.

ಆಚಾರ್ರು ಪೂರ್ತಿ ಕೇಳಿ ತಲೆಯಾಡಿಸಿದರು. "ರಕ್ತ ಹಳೇದಾದ್ರೆ ಕಪ್ಪು ಕಣಾ ಚೌಡಪ್ಪ. ಹೊನ್ನೆ ಹಿಂಗೆ ಕೆಂಪಾಗೋದು ಸುಣ್ಣಕ್ಕೆ. ಇದು ಸುಣ್ಣದ ಹೆಬ್ಬೆಟ್ಟು. ಓರೆ ನೋಡು, ಬಲಗೈದು." ಪೆಟ್ಟಿಗೆಯಿಂದ ತಲೆ ಎತ್ತಿ, "ನಿಂಗೆ ಬಲಗೈ ಹೆಬ್ಬೆಟ್ಟು ಎಲ್ಲಿದೆ?" ಎಂದರು.

ಕೆಲಸದವನೊಬ್ಬ, "ಮಾಡ್ದೋನು ಪತ್ರಕ್ಕೆ ಒತ್ತಿದಂಗೆ ಒತ್ತಿ ಕಳ್ಸಿದಾನೆ" ಎಂದು ಮೆಲ್ಲಗೆ ನಕ್ಕ.

ಆಚಾರ್ರು ಪೆಟ್ಟಿಗೆಯನ್ನು ನಮ್ಮವರ ಮುಂದೆ ಇಟ್ಟರು. "ಕೆಲ್ಸ ಚೆನ್ನಾಗಿದೆ. ಮಾಡ್ದೋರು ಯಾರೋ ಅವ್ರನ್ನ ಕಳ್ಸು."

ನೋಡಿ, ಅಷ್ಟು ದಿನ ನಾನು ಹೆದರಿದ್ದು ಬಣ್ಣಕ್ಕೆ. ಮಚ್ಚೆ ಇದೆ, ಚೆಂದ ಕೆಟ್ಟಿತು, ಬೇಡ ಎನ್ನುತ್ತಾರೆ ಎಂದು. ಅದು ಯಾರ ಬೆರಳು ಎಂದು ಯಾರಾದರೂ ಕೇಳುತ್ತಾರೆ ಎಂದು ನನ್ನ ತಲೆಗೇ ಹೋಗಿರಲಿಲ್ಲ. ಒಂದೂವರೆ ತಿಂಗಳು ಹಲ್ಲಲ್ಲಿ ಪಟ್ಟಿ ಎಳೆದು ಮಾಡಿದ ಕೆಲಸವನ್ನು ನನ್ನ ಹೆಬ್ಬೆಟ್ಟು ಅವರದಲ್ಲ ಎಂದು ಹೇಳುತ್ತಿತ್ತು. ನಮ್ಮವರು ಪೆಟ್ಟಿಗೆಗೆ ಕೈ ಚಾಚಿದರು, ಎತ್ತಿಕೊಂಡು ಹೋಗಲು.

ನಾನು ಎದ್ದು ಜಗಲಿ ಹತ್ತಿದೆ. ಹತ್ತಬಾರದಿತ್ತೋ ಏನೋ, ಯಾರೂ ತಡೆಯಲಿಲ್ಲ.

"ಅದು ನನ್ನ ಹೆಬ್ಬೆಟ್ಟು" ಎಂದೆ. ಮುಂದೆ ಹಿಡಿದೆ. "ಗೆರೆ ನೋಡಿ. ಎಲೆ ಕಟ್ಟಿದ ಕೈಯಲ್ಲಿ ಮುಚ್ಚಳ ಮುಚ್ಚಿದೆ. ಮರಕ್ಕೆ ನಾನು ಉಳಿ ತಾಗ್ಸಿಲ್ಲ. ಎಣ್ಣೆ ಹಚ್ಚಿದ್ದು ನಾನು."

ಆಚಾರ್ರು ಗೆರೆ ನೋಡಿದರು. "ಇನ್ನೊಬ್ರ ಕೈ ಹಾಕ್ಸಬೇಡ ಅಂದಿದ್ದೆ."

"ಇವ್ರ ತಲೆಗೂ ನಾನೇ ಎಣ್ಣೆ ಹಚ್ಚೋದು. ಅದ್ಕೆ ಕೂದ್ಲು ನಂದಾಗ್ತದಾ?"

ಕೆಲಸದವರು ನಕ್ಕರು. ಆಚಾರ್ರು ನಗಲಿಲ್ಲ. ನಮ್ಮವರೂ ನಗಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು.

"ನಿಂಗೆ ಯಾವಾಗ ಗೊತ್ತಾತು?" ಎಂದು ಕೇಳಿದವರು ನಮ್ಮವರು.

"ಅವತ್ತೇ. ಮಧ್ಯಾಹ್ನ."

ಅವರು ಮುಖ ಆ ಕಡೆ ತಿರುಗಿಸಿದರು. ಆಚಾರ್ರು ಎರಡು ತುಂಡು ಹಲಸಿನ ಹಲಗೆ ತೆಗೆದು ಅವರ ಮುಂದೆ ಎಸೆದರು. "ಒಂದು ಮೂಲೆ ಕೂಡ್ಸು. ನಾನು ಇಲ್ಲೇ ಕೂರ್ತೀನಿ."

ನಮ್ಮವರು ಹೆಗಲ ಟವೆಲಿನ ಅಂಚು ಹರಿದರು. ಉಳಿಯನ್ನು ಅಂಗೈಗೆ ಇಟ್ಟು ಸುತ್ತಿದರು, ತುದಿ ಹಲ್ಲಲ್ಲಿ ಎಳೆದರು. ಆಚಾರ್ರು ಹಲಗೆ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಾ ಕೂತರು. ನಾನು ಮೆಟ್ಟಿಲಿಗೆ ವಾಪಸು ಬಂದೆ. ಮೊದಲ ಏಟಿಗೆ ಉಳಿ ಜಾರಿತು. ಎರಡನೆಯದು ಕೂತಿತು. ನನಗೆ ಎಲೆ ಹಾಕಬೇಕೆಂದು ಬಾಯಿ ಒಣಗುತ್ತಿತ್ತು, ಸೊಂಟದ ಚೀಲಕ್ಕೆ ಕೈ ಹೋಗುತ್ತಿತ್ತು, ಎಳೆದುಕೊಳ್ಳುತ್ತಿದ್ದೆ. ನೆರಳು ಮೆಟ್ಟಿಲ ಒಂದು ಕಲ್ಲು ದಾಟಿ ಇನ್ನೊಂದು ಕಲ್ಲಿಗೆ ಬಂತು. ನಮ್ಮವರ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಒಮ್ಮೆ ಪಟ್ಟಿ ಸಡಿಲವಾಯಿತು. ಕಟ್ಟಿಕೊಡೋಣ ಎಂದು ಎದ್ದೆ. ನನ್ನ ಕಡೆ ನೋಡದೆಯೇ, "ಕೂತ್ಕ" ಎಂದರು. ಕೂತೆ.

ಎರಡು ತುಂಡು ಕೂಡಿಸಿ ಕೊಡತಿಯಿಂದ ಮೆಲ್ಲಗೆ ತಟ್ಟಿ ಕೊಟ್ಟರು. ಆಚಾರ್ರು ಎಳೆದು ನೋಡಿದರು. ಬೆಳಕಿಗೆ ಹಿಡಿದರು, ಬೆಳಕು ಬರಲಿಲ್ಲ. ಪಕ್ಕಕ್ಕಿಟ್ಟರು. ಹೊನ್ನೆ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದು, ತಮ್ಮ ಹಳೇ ಚೀಲದಿಂದ ಎಲೆ, ಅಡಿಕೆ, ಸುಣ್ಣದ ಡಬ್ಬಿ ಒಂದೊಂದಾಗಿ ತೆಗೆದು ಅದರ ಮನೆಗಳಲ್ಲಿ ಇಟ್ಟರು. ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡು, ಅದೇ ಕೈಯಲ್ಲಿ ಮುಚ್ಚಳ ಜಾರಿಸಿದರು.

"ಸಂಕ್ರಾಂತಿ ಕಳ್ದು ಬಾ ಚೌಡಪ್ಪ. ಉಳಿಯಾಕೆ ಜಾಗ ಐತೆ. ಎಣ್ಣೆ ಹಚ್ಚಾಕೆ ಇಲ್ಲಿ ಬೇರೆ ಜನ ಇದಾರೆ, ಮನೆಯಿಂದ ತರ್ಬೇಡ."

ದಾರಿಯುದ್ದಕ್ಕೂ ಅವರು ನನಗಿಂತ ಹತ್ತು ಮಾರು ಮುಂದೆ. ಕೆಲಸ ಸಿಕ್ಕಿದ್ದಕ್ಕೆ ಸಂತೋಷಪಡಬೇಕಾದವಳು ಅವರ ಬೆನ್ನು ನೋಡುತ್ತಾ ಬಂದೆ. ತನ್ನ ರಕ್ತ ಎಂದುಕೊಂಡು ಅದರ ಮೇಲೆ ಕೈ ಇಟ್ಟು ನಿಂತಿದ್ದರಲ್ಲ, ಆ ಹೊತ್ತನ್ನು ನಾನು ಕಿತ್ತುಕೊಂಡಿದ್ದೆ. ತೀರ್ಥಹಳ್ಳಿಯಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ತುಂಗೆಗೆ ಇಳಿದೆವು. ಅವರು ಒಂದು ಬಂಡೆಯ ಮೇಲೆ, ನಾನು ಇನ್ನೊಂದರ ಮೇಲೆ. ನಾನು ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಹೊಳೆಗೆ ಎಸೆದೆ. ಅದು ತವರಿನಿಂದ ತಂದ ಹಿತ್ತಾಳೆ ಡಬ್ಬಿ. ಎಸೆದ ಮೇಲೆ ಅಯ್ಯೋ ಎನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಸ್ವಲ್ಪ ಹೊತ್ತಿಗೆ ಅವರು ಬಂದು ಹತ್ತಿರ ಕೂತು ಕೈ ಚಾಚಿದರು. "ಎಲೆ ಕಟ್ಟು."

ಕಟ್ಟಿಕೊಟ್ಟೆ. ತಿರುಗಿಸಿ ನೋಡಿದರು. "ಸುಣ್ಣ?"

"ಹೊಳೆಗೆ ಹಾಕ್ದೆ."

"ಡಬ್ಬಿ?"

"ಅದೂ."

ಹೊಳೆಯ ಕಡೆ ಒಮ್ಮೆ ನೋಡಿ ಎಲೆ ಬಾಯಿಗೆ ಹಾಕಿಕೊಂಡರು. "ದನ ತಿನ್ನೋ ಸೊಪ್ಪಿನಂಗಿದೆ" ಎಂದರು.

"ಉಗುಳಿ ಹಂಗಾದ್ರೆ."

ಉಗುಳಲಿಲ್ಲ. ಬಸ್ಸು ಹತ್ತಿದ ಮೇಲೂ ಅದನ್ನೇ ಅಗಿಯುತ್ತಿದ್ದರು. ಹೊಸನಗರದಲ್ಲಿ ಇಳಿದು ರಸ್ತೆಯಂಚಿಗೆ ಉಗುಳಿದರು. ಹಸಿರಾಗಿತ್ತು. ಬಗ್ಗಿ ಅದನ್ನು ನೋಡಿ, ನನ್ನನ್ನು ನೋಡಿ, ನಡೆಯಲು ಶುರುಮಾಡಿದರು. ಹತ್ತು ಮಾರು ಹೋಗಿ, ನಾನು ಬಂದು ಸೇರುವ ತನಕ ನಿಂತರು.

"ನಾಳೆ ಸುಣ್ಣ ತರ್ತೀನಿ" ಎಂದರು. "ಎಲೆ ಕಟ್ಟಿದ ಮೇಲೆ ಕೈ ತೊಳ್ಕ."